ದಿಮ್ಮಿ ಮನೆಗೆ ಮುಂಗಡ ಕೊಡುವ ಮುನ್ನ



ಉಪ್ಪಿನಕಾಯಿಗೆ ಬೂಸ್ಟು ಬಂತು, ಹಪ್ಪಳ ಕೆಂಪಾಗುತ್ತದೆ, ಸೊಸೆ ಮಾತು ಕೇಳುವುದಿಲ್ಲ ಎಂಬ ಓಲೆಗಳ ನಡುವೆ ಈಚೆಗೆ ಹೊಸ ಪ್ರಶ್ನೆಯೊಂದು ಸೇರಿಕೊಂಡಿದೆ. ‘ಅಕ್ಕಾ, ನಮ್ಮವರಿಗೆ ಮರದ ದಿಮ್ಮಿಯ ಮನೆ ಕಟ್ಟಿಸುವ ಆಸೆ ಹುಟ್ಟಿದೆ, ಏನು ಹೇಳಲಿ?’ ಅಂತ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ, ತೀರ್ಥಹಳ್ಳಿ ಕಡೆಯ ಸೋದರಿಯರೇ ಹೆಚ್ಚಾಗಿ ಕೇಳುತ್ತಿದ್ದಾರೆ. ತೋಟದ ಮೂಲೆಯಲ್ಲಿ ಎರಡು ಕೋಣೆ ಹಾಕಿ ಹೋಂಸ್ಟೇ ನಡೆಸುವ ಲೆಕ್ಕಾಚಾರ ಕೆಲವರದು. ನಿವೃತ್ತಿಯಾದ ಮೇಲೆ ತಂಪಾದ ಜಾಗದಲ್ಲಿ ಇರೋಣ ಎಂಬ ಆಸೆ ಇನ್ನು ಕೆಲವರದು. ಗಂಡಸರು ಮೊಬೈಲಿನಲ್ಲಿ ಹಿಮದ ನಾಡಿನ ಚಿತ್ರ ತೋರಿಸುತ್ತಾರೆ. ಬೆಂಕಿಗೂಡು, ಕಿಟಕಿಯಾಚೆ ಬಿಳಿ ಹಿಮ, ಜೇನುಬಣ್ಣದ ಗೋಡೆ. ನೋಡಿದರೆ ಯಾರಿಗಾದರೂ ಮನಸ್ಸಾಗುವಂಥದ್ದೇ.

ಆಸೆ ತಪ್ಪಲ್ಲ. ಆದರೆ ಮುಂಗಡದ ಚೆಕ್ಕಿಗೆ ಸಹಿ ಬೀಳುವ ಮುಂಚೆ ಮನೆಯ ಹೆಂಗಸು ಕೆಲವು ವಿಷಯ ತಿಳಿದಿರಲೇಬೇಕು. ಯಾಕೆಂದರೆ ಮರದ ಮನೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯುವಂಥದ್ದಲ್ಲ. ವರ್ಷ ವರ್ಷ ಅದಕ್ಕೆ ಬಾಣಂತಿಯ ಹಾಗೆ ಆರೈಕೆ ಬೇಕು. ಆ ಆರೈಕೆ ಯಾರ ತಲೆಗೆ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಮರದ ಮನೆ ಬೇರೆ, ದಿಮ್ಮಿ ಮನೆ ಬೇರೆ

‘ನಮ್ಮಜ್ಜನ ತೊಟ್ಟಿಮನೆಯೂ ಮರದ್ದೇ ಅಲ್ಲವೇ, ನೂರು ವರ್ಷ ನಿಂತಿಲ್ಲವೇ?’ ಅಂತ ಕೇಳುವವರಿದ್ದಾರೆ. ನಿಜ, ನಿಂತಿದೆ. ಆದರೆ ತೊಟ್ಟಿಮನೆಯ ಗೋಡೆ ಮಣ್ಣಿನದು ಇಲ್ಲವೇ ಕಲ್ಲಿನದು. ಮರ ಇರುವುದು ಕಂಬ, ತೊಲೆ, ಮುಚ್ಚಿಗೆ, ಪಕಾಸಿ, ಬಾಗಿಲುಗಳಲ್ಲಿ. ಅದೆಲ್ಲ ಸೂರಿನ ಒಳಗಡೆ, ಮಳೆ ತಾಗದ ಜಾಗದಲ್ಲಿದೆ. ದಿಮ್ಮಿ ಮನೆಯಲ್ಲಿ ಗೋಡೆಯೇ ಮರ. ದಿಮ್ಮಿಯ ಮೇಲೆ ದಿಮ್ಮಿಯನ್ನು ಅಡ್ಡಲಾಗಿ ಪೇರಿಸಿ, ಮೂಲೆಯಲ್ಲಿ ಕಚ್ಚು ಹಾಕಿ ಒಂದಕ್ಕೊಂದು ಸಿಕ್ಕಿಸುತ್ತಾರೆ. ಮಳೆ ಬಿಸಿಲುಗಳಿಗೆ ಎದೆ ಕೊಟ್ಟು ನಿಲ್ಲುವುದು ಅದೇ.

ಈ ವಿದ್ಯೆ ಬೆಳೆದದ್ದು ದೇವದಾರು ಜಾತಿಯ ನೆಟ್ಟನೆ ಮರಗಳಿರುವ ಚಳಿ ದೇಶಗಳಲ್ಲಿ. ನಾರ್ವೆ, ಸ್ವೀಡನ್, ಫಿನ್‌ಲೆಂಡ್, ರಷ್ಯಾಗಳಲ್ಲಿ ಇದು ಹಳ್ಳಿಯ ರೈತನ ಮನೆ. 1638ರಲ್ಲಿ ಸ್ವೀಡನ್ನಿನ ವಸಾಹತು ಅಮೆರಿಕದ ಡೆಲವೇರ್ ನದಿಯ ದಂಡೆಯಲ್ಲಿ ನೆಲೆಗೊಂಡಾಗ ಸ್ವೀಡಿಷರು, ಫಿನ್ನರು ಈ ಕಸುಬನ್ನು ಅಲ್ಲಿಗೆ ಒಯ್ದರು. ನಮ್ಮ ದೇಶದಲ್ಲೂ ಇದರ ಅಕ್ಕನಂಥ ಪದ್ಧತಿಯೊಂದಿದೆ. ಹಿಮಾಚಲ ಪ್ರದೇಶದಲ್ಲಿ ದೇವದಾರು ತೊಲೆ ಒಂದು ಸಾಲು, ಕಲ್ಲು ಒಂದು ಸಾಲು ಹಾಕಿ ಗೋಡೆ ಎಬ್ಬಿಸುತ್ತಾರೆ. ಅದಕ್ಕೆ ಕಾಠ್‌ಕುಣಿ ಎನ್ನುತ್ತಾರೆ. ಕುಲ್ಲು ಕಣಿವೆಯ ನಗ್ಗರ್ ಕೋಟೆಮನೆ ಹಾಗೆ ಕಟ್ಟಿದ್ದು.

ಇವೆಲ್ಲ ಚಳಿ ಊರುಗಳು ಎಂಬುದನ್ನು ಗಮನಿಸಿ. ಫಿನ್‌ಲೆಂಡಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 500ರಿಂದ 700 ಮಿಲಿಮೀಟರ್, ಅದರಲ್ಲಿ ಒಂದು ಪಾಲು ಹಿಮ. ನಮ್ಮ ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತದೆ. ಅಲ್ಲಿ ಗೆದ್ದಲೇ ಇಲ್ಲ. ನಮ್ಮಲ್ಲಿ ಗೆದ್ದಲಿಲ್ಲದ ಅಂಗಳವೇ ಇಲ್ಲ. ಚಳಿಯಲ್ಲಿ ಕೊಳೆಸುವ ಬೂಸ್ಟು ಮಲಗಿರುತ್ತದೆ, ನಮ್ಮ ಶ್ರಾವಣದಲ್ಲಿ ಅದಕ್ಕೆ ಹಬ್ಬ. ಅಷ್ಟು ಚಳಿಯ ನಾಡಿನಲ್ಲೂ ದಿಮ್ಮಿ ಕಟ್ಟಡಕ್ಕೆ ಆರೈಕೆ ತಪ್ಪಿದ್ದಲ್ಲ. ರಷ್ಯಾದ ಕಿಝಿ ದ್ವೀಪದಲ್ಲಿ 1714ರಲ್ಲಿ ಕಟ್ಟಿದ 22 ಗುಮ್ಮಟಗಳ ದಿಮ್ಮಿ ಚರ್ಚು ಪ್ರಪಂಚಪ್ರಸಿದ್ಧ. ಅದರಲ್ಲೂ ಕೊಳೆತ ದಿಮ್ಮಿಗಳನ್ನು ತೆಗೆದು ಹೊಸದು ಕೂರಿಸುವ ದೊಡ್ಡ ದುರಸ್ತಿ ಈ ಶತಮಾನದಲ್ಲಿ ನಡೆಯಬೇಕಾಯಿತು.

ಅಂದರೆ ನಮ್ಮಲ್ಲಿ ದಿಮ್ಮಿ ಮನೆ ಕಟ್ಟಲೇಬಾರದು ಅಂತಲ್ಲ. ಚಿತ್ರ ನೋಡಿ ಕಟ್ಟದೆ ಮಳೆ ನೋಡಿ ಕಟ್ಟಬೇಕು.

ಮಾರುವವರು ಏನನ್ನು ಮಾರುತ್ತಿದ್ದಾರೆ?

ಮೊದಲನೆಯ ಪ್ರಶ್ನೆ ಇದು. ‘ಲಾಗ್ ಹೌಸ್’ ಎಂಬ ಒಂದೇ ಹೆಸರಿನಲ್ಲಿ ಮೂರು ನಾಲ್ಕು ಬಗೆಯ ಸರಕು ಓಡಾಡುತ್ತದೆ. ಇಡೀ ದಿಮ್ಮಿಯದೇ ಗೋಡೆ ಒಂದು ಬಗೆ. ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಹೊರಗೆ ಅರ್ಧ ಸೀಳಿದ ದಿಮ್ಮಿ ಹೊಡೆದದ್ದು ಇನ್ನೊಂದು. ಹಲಗೆಯನ್ನು ದುಂಡಾಗಿ ಹೆರೆದು ದಿಮ್ಮಿಯಂತೆ ಕಾಣಿಸುವುದು ಮತ್ತೊಂದು. ಪ್ರವಾಸಿ ತಾಣಗಳಲ್ಲಿ ಸಿಮೆಂಟನ್ನೇ ದಿಮ್ಮಿಯ ಆಕಾರಕ್ಕೆ ತಂದು, ಗಂಟುಗಳನ್ನೂ ಕೆತ್ತಿ, ಕಂದು ಬಣ್ಣ ಬಳಿದದ್ದೂ ಉಂಟು. ಒಂದು ದೃಷ್ಟಿಯಲ್ಲಿ ಅದೇ ಜಾಣತನ, ಗೆದ್ದಲು ಅದನ್ನು ಮೂಸುವುದಿಲ್ಲ. ಇವುಗಳಲ್ಲಿ ಯಾವುದೂ ಮೋಸವಲ್ಲ, ಒಂದನ್ನು ಇನ್ನೊಂದರ ಬೆಲೆಗೆ ಮಾರಿದರೆ ಮಾತ್ರ ಮೋಸ. ಎಸ್ಟಿಮೇಟಿನಲ್ಲಿ ಗೋಡೆ ಯಾವುದು, ದಿಮ್ಮಿ ಎಷ್ಟು ಅಂಗುಲ ದಪ್ಪ, ಯಾವ ಜಾತಿಯ ಮರ, ಯಾವ ಔಷಧಿ ಕುಡಿಸಿದ್ದು ಅಂತ ಬರೆಸಿಕೊಳ್ಳಿ. ಬಾಯಿಮಾತಿಗೆ ತೂಕ ಇಲ್ಲ.

ಮರದ ಜಾತಿ, ಮರದ ಹಸಿ

ಮರದೊಳಗಿನ ಕಪ್ಪು ತಿರುಳಿಗೆ ನಮ್ಮ ಬಡಗಿಗಳು ಚೇಗು ಎನ್ನುತ್ತಾರೆ. ಬಾಳಿಕೆ ಇರುವುದೇ ಚೇಗಿನಲ್ಲಿ. ತೊಗಟೆಯ ಪಕ್ಕದ ಬಿಳಿ ಭಾಗದಲ್ಲಿ ಹಿಟ್ಟಿನಂಶ ಇರುವುದರಿಂದ ಕುಟ್ಟೆ ಹುಳಕ್ಕೆ ಅದು ಇಷ್ಟ. ಸಾಗುವಾನಿಯೇ ಆದರೂ ಬಿಳಿ ಭಾಗಕ್ಕೆ ಹುಳ ಹಿಡಿಯುತ್ತದೆ, ಹೆಸರು ನೋಡಿ ಮರುಳಾಗಬೇಡಿ. ಸಾಗುವಾನಿ, ಹೊನ್ನೆ, ಕಿರಾಲುಬೋಗಿ ಇವುಗಳ ಚೇಗು ಗಟ್ಟಿ. ಹಲಸೂ ಒಳ್ಳೆಯದು. ಇವನ್ನು ಗೋಡೆಗೆ ಪೇರಿಸುವಷ್ಟು ಕೊಳ್ಳುವ ಶಕ್ತಿ ನಮ್ಮಂಥವರಿಗೆ ಎಲ್ಲಿದೆ? ಹೀಗಾಗಿ ಹೆಚ್ಚಿನವರು ತೋಟದಲ್ಲೇ ಇರುವ ಸಿಲ್ವರ್ ಓಕ್ ಕಡೆಗೋ, ಹೊರಗಿಂದ ಬರುವ ಪೈನ್ ಕಡೆಗೋ ತಿರುಗುತ್ತಾರೆ. ಎರಡೂ ಔಷಧಿ ಕುಡಿಸದೆ ಬಾಳುವ ಮರಗಳಲ್ಲ. ರಬ್ಬರ್ ಮರಕ್ಕಂತೂ ಔಷಧಿ ಕುಡಿಸದಿದ್ರೆ ಕೆಲವೇ ತಿಂಗಳಲ್ಲಿ ಕುಟ್ಟೆ ಬೀಳುತ್ತದೆ. ನೀಲಗಿರಿ ಒಣಗುವಾಗ ಸೀಳುತ್ತದೆ, ತಿರುಚಿಕೊಳ್ಳುತ್ತದೆ.

ಔಷಧಿ ಎಂದರೆ ಕುಂಚದಲ್ಲಿ ಮೇಲೆ ಬಳಿಯುವುದಲ್ಲ. ಕಬ್ಬಿಣದ ದೊಡ್ಡ ಉರುಳೆಯೊಳಗೆ ಮರವನ್ನಿಟ್ಟು ಒತ್ತಡ ಹಾಕಿ ಒಳಗೆ ನುಗ್ಗಿಸುತ್ತಾರೆ. ಬೋರಾಕ್ಸ್, ಬೋರಿಕ್ ಆಸಿಡ್‌ಗಳ ಔಷಧಿ ಮನೆಯೊಳಗಿನ ಮರಕ್ಕೆ ಒಳ್ಳೆಯದು, ಆದರೆ ಮಳೆ ತಾಗಿದರೆ ತೊಳೆದುಹೋಗುತ್ತದೆ. ಹೊರಗಿನ ಮರಕ್ಕೆ ತಾಮ್ರದ ಉಪ್ಪುಗಳ ಔಷಧಿ ಕೊಡುತ್ತಾರೆ, ಅದರಿಂದ ಮರಕ್ಕೆ ಹಸಿರು ಛಾಯೆ ಬರುತ್ತದೆ. ಹಳೆಯ ಬಗೆಯ ಇಂಥ ಔಷಧಿಯಲ್ಲಿ ತಾಮ್ರದ ಜೊತೆಗೆ ಕ್ರೋಮಿಯಂ, ಆರ್ಸೆನಿಕ್ ಅಂದರೆ ಪಾಷಾಣ ಇರುತ್ತದೆ. ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ತಯಾರಕರು ನಿಲ್ಲಿಸಿದರು. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಕೆಲಸ ಮುಗಿದ ಮೇಲೆ ಉಳಿಯುವ ತುಂಡು, ಹೊಟ್ಟುಗಳನ್ನು ಯಾವ ಕಾರಣಕ್ಕೂ ಬಚ್ಚಲ ಒಲೆಗೆ ಹಾಕಬೇಡಿ. ಒಣಗಿದ ಸೌದೆ ಪುಕ್ಕಟೆ ಸಿಕ್ಕಿತು ಅಂತ ನಮಗೆ ಅನ್ನಿಸುವುದು ಸಹಜ. ಆದರೆ ಆ ಹೊಗೆಯೂ ವಿಷ, ಬೂದಿಯೂ ವಿಷ. ಆ ಬೂದಿಯಲ್ಲಿ ಪಾತ್ರೆ ತಿಕ್ಕುವುದಂತೂ ಬೇಡವೇ ಬೇಡ. ಹೊಟ್ಟನ್ನು ಕೊಟ್ಟಿಗೆಗೆ ಹಾಸುವುದೂ ಬೇಡ.

ಜಾತಿ ಆಯಿತು, ಇನ್ನು ಹಸಿ. ಅಮಾವಾಸ್ಯೆಯ ಹೊತ್ತಿಗೆ ಕಡಿದ ಮರಕ್ಕೆ ಹುಳ ಹಿಡಿಯದು ಅಂತ ಹಿರಿಯರು ನಂಬುತ್ತಾರೆ. ಯಾವ ತಿಥಿಯಲ್ಲಿ ಕಡಿದರೂ ಒಣಗಿಸುವುದು ತಪ್ಪುವುದಿಲ್ಲ. ಮರದಲ್ಲಿ ತೇವ ನೂರಕ್ಕೆ 20ಕ್ಕಿಂತ ಕಡಿಮೆ ಇದ್ದರೆ ಕೊಳೆಯುವ ಬೂಸ್ಟು ಬೆಳೆಯದು. ತೇವ ಅಳೆಯುವ, ಎರಡು ಮುಳ್ಳಿನ ಸಣ್ಣ ಯಂತ್ರ ಟಿಂಬರ್ ವ್ಯಾಪಾರದವರ ಹತ್ತಿರ ಇರುತ್ತದೆ. ನಿಮ್ಮೆದುರಿಗೇ ಒತ್ತಿ ತೋರಿಸಲು ಹೇಳಿ. ಮರದ ಜಾತಿಯ ಬಗ್ಗೆ ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಚೂರು ಕೊಟ್ಟರೆ ಪರೀಕ್ಷಿಸಿ ಹೇಳುತ್ತಾರೆ.

ಹಸಿ ದಿಮ್ಮಿಯಲ್ಲಿ ಕಟ್ಟಿದರೆ ಏನಾಗುತ್ತದೆ? ಮನೆ ಕುಗ್ಗುತ್ತದೆ! ನಗಬೇಡಿ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ದಪ್ಪದಲ್ಲಿ ಕುಗ್ಗುವುದು ಹೆಚ್ಚು. ದಿಮ್ಮಿಗಳು ಒಂದರ ಮೇಲೊಂದು ಮಲಗಿರುವುದರಿಂದ ಎಲ್ಲದರ ಕುಗ್ಗುವಿಕೆಯೂ ಸೇರಿ ಗೋಡೆಯೇ ಕೆಳಗಿಳಿಯುತ್ತದೆ. ಪೂರಾ ಹಸಿ ಮರವಾದರೆ 8 ಅಡಿ ಗೋಡೆ 6 ಅಂಗುಲದವರೆಗೂ ಇಳಿಯಬಹುದು ಎಂದು ಲೆಕ್ಕ ಹಿಡಿಯುತ್ತಾರೆ. ಗೋಡೆ ಇಳಿದಾಗ ನೆಟ್ಟನೆ ನಿಂತ ಬಾಗಿಲ ಚೌಕಟ್ಟು ಇಳಿಯುವುದಿಲ್ಲ. ಆಗ ಬಾಗಿಲು ಕಚ್ಚಿಕೊಳ್ಳುತ್ತದೆ, ಕಿಟಕಿ ಗಾಜು ಒಡೆಯುತ್ತದೆ. ಅದಕ್ಕೇ ತಿಳಿದ ಬಡಗಿಗಳು ಬಾಗಿಲು ಕಿಟಕಿಗಳ ಮೇಲೆ ಸಂದು ಬಿಟ್ಟು, ಅದು ಕಾಣದಂತೆ ಹಲಗೆ ಮುಚ್ಚುತ್ತಾರೆ. ಕಂಬಗಳ ಬುಡದಲ್ಲಿ ತಿರುಪಿನ ಜಾಕ್ ಇಟ್ಟು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ನೀವು ಕೇಳಬೇಕಾದ್ದು ಇಷ್ಟೇ: ‘ಕಿಟಕಿ ಮೇಲೆ ಸಂದು ಎಷ್ಟು ಬಿಡ್ತೀರಿ?’ ಮೇಸ್ತ್ರಿ ತಬ್ಬಿಬ್ಬಾಗಿ ನೋಡಿದರೆ ಆತ ದಿಮ್ಮಿ ಮನೆ ಕಟ್ಟಿದವನಲ್ಲ ಎಂದು ತಿಳಿಯಿರಿ. ಅಡುಗೆಮನೆಯ ಗೋಡೆ ಕಪಾಟನ್ನೂ ನಾಲ್ಕಾರು ದಿಮ್ಮಿಗೆ ಸೇರಿಸಿ ಬಿಗಿಯಾಗಿ ತಿರುಪು ಹಾಕಿಸಬಾರದು, ಗೋಡೆ ಇಳಿಯುವಾಗ ಕಪಾಟು ಸೀಳುತ್ತದೆ.

ದಿಮ್ಮಿಯ ಉದ್ದಕ್ಕೆ ಬಿರುಕು ಬಿಟ್ಟರೆ ಮನೆ ಬಿದ್ದೇಹೋಯಿತು ಎಂದು ಹೆದರಬೇಡಿ, ದಪ್ಪ ಮರ ಒಣಗುವಾಗ ಬಿರಿಯುವುದು ಅದರ ಸ್ವಭಾವ. ಆದರೆ ಹೊರಗೋಡೆಯಲ್ಲಿ ಮೇಲ್ಮುಖವಾದ ಬಿರುಕು ಬಟ್ಟಲಿನಂತೆ ಮಳೆನೀರು ಹಿಡಿದಿಟ್ಟುಕೊಳ್ಳುತ್ತದೆ. ಅಂಥದನ್ನು ಮಳೆಗಾಲಕ್ಕೆ ಮುಂಚೆ ಮುಚ್ಚಿಸಲೇಬೇಕು.

ಬುಡ ಒಣಗಿರಲಿ, ಸೂರು ಉದ್ದವಿರಲಿ

ಮರವನ್ನು ಕೊಲ್ಲುವುದು ವಯಸ್ಸಲ್ಲ, ನೀರು. ಈ ಗುಟ್ಟು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಹಳೇ ಮನೆಗಳಲ್ಲಿ ಮರದ ಕಂಬ ನೇರವಾಗಿ ನೆಲಕ್ಕೆ ಊರಿರುವುದಿಲ್ಲ, ಕಲ್ಲಿನ ಪೀಠದ ಮೇಲೆ ಕೂತಿರುತ್ತದೆ. ಮಳೆಗಾಲ ಹತ್ತಿರ ಬಂದಾಗ ಮಲೆನಾಡಿನವರು ಜಗುಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರಲ್ಲಿ ಕಟ್ಟಿದ್ದು, ಬಹುಪಾಲು ಸಾಗುವಾನಿ. ಹೋದಾಗ ಗೋಡೆಯ ಚಿತ್ರಗಳ ಜೊತೆಗೆ ಕಟ್ಟಡದ ಬುಡವನ್ನೂ ನೋಡಿ. ಎತ್ತರದ ಜಗತಿ, ಸುತ್ತಲೂ ಅಗಲದ ವರಾಂಡ. ಮಳೆನೀರು ಒಳಗಿನ ಮರವನ್ನು ಸುಲಭಕ್ಕೆ ಮುಟ್ಟಲಾರದು.

ಹೀಗಾಗಿ ನಿಮ್ಮ ನಕ್ಷೆಯಲ್ಲಿ ಇವು ಇವೆಯೇ ನೋಡಿ. ಕಲ್ಲಿನ ಪಾಯ ನೆಲದಿಂದ ಕನಿಷ್ಠ 2 ಅಡಿ ಮೇಲಿರಬೇಕು. ಅದಕ್ಕಿಂತ ತಗ್ಗಿದ್ದರೆ ಸೂರಿನ ಹನಿ ನೆಲಕ್ಕೆ ಬಡಿದು ಸಿಡಿಯುವ ಕೆಸರುನೀರು ಮೊದಲ ದಿಮ್ಮಿಯನ್ನು ದಿನವೂ ನೆನೆಸುತ್ತದೆ. ಕೊಳೆಯಲು ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ಪಾಯಕ್ಕೂ ಮೊದಲ ದಿಮ್ಮಿಗೂ ನಡುವೆ ತೇವ ಏರದಂತೆ ಡಾಂಬರಿನ ಹಾಳೆಯೋ ತಗಡೋ ಇರಬೇಕು. ಸೂರು ಗೋಡೆಯಿಂದ 3 ಅಡಿಯಾದರೂ ಮುಂದೆ ಚಾಚಿರಲಿ, ಮಳೆ ಹೊಡೆಯುವ ಪಡುವಣ ದಿಕ್ಕಿಗೆ ವರಾಂಡವೇ ಇದ್ದರೆ ಇನ್ನೂ ಒಳ್ಳೆಯದು. ಚಿತ್ರದಲ್ಲಿ ಚಂದ ಕಾಣುತ್ತದೆ ಅಂತ ದಿಮ್ಮಿಯ ತುದಿಗಳನ್ನು ಸೂರಿನಿಂದ ಆಚೆಗೆ ಚಾಚಿ ಬಿಡುವವರಿದ್ದಾರೆ. ಮರ ನೀರು ಕುಡಿಯುವುದೇ ಆ ಕೊಯ್ದ ತುದಿಯಿಂದ. ಬೇಡ ಅನ್ನಿ.

ಹುಳ ಹುಪ್ಪಟೆ

ಪಾಯ ಹಾಕುವಾಗಲೇ ಮಣ್ಣಿಗೆ ಗೆದ್ದಲಿನ ಔಷಧಿ ಹಾಕಿಸಬೇಕು. ಇದಕ್ಕೆ ಐ.ಎಸ್. 6313 ಎಂಬ ಸರ್ಕಾರಿ ಮಾನಕವೇ ಇದೆ, ಆ ಪ್ರಕಾರ ಮಾಡುತ್ತೀರಾ ಎಂದು ಕೇಳಿ. ಇದು ತಿಳಿದವರ ಕೆಲಸ, ಮನೆಯಲ್ಲೇ ಬಕೆಟಿನಲ್ಲಿ ಕಲಸುವ ಸಾಹಸ ಬೇಡ, ಬಾವಿ ಹತ್ತಿರವಿದ್ದರೆ ಮುಂಚೆಯೇ ಹೇಳಿ. ಗೋಡೆಗೆ ತಾಗಿಸಿ ಸೌದೆ, ತೆಂಗಿನ ಚಿಪ್ಪು, ಗೊಬ್ಬರದ ಚೀಲ, ಹೂಕುಂಡ ಇಡಬಾರದು. ಪಾಯದ ಮೇಲೆ ಮಣ್ಣಿನ ಗೆರೆ ಏರಿದ್ದು ಕಂಡರೆ ಒಂದು ಕಡೆ ಒಡೆದು ಬಿಡಿ. ಎರಡು ದಿನಕ್ಕೆ ಮತ್ತೆ ಕಟ್ಟಿಕೊಂಡಿದ್ದರೆ ಒಳಗೆ ಗೆದ್ದಲು ಜೀವಂತ ಇದೆ ಎಂದರ್ಥ.

ಕುಟ್ಟೆ ಹುಳಕ್ಕೆ ಇನ್ನೊಂದು ಪರೀಕ್ಷೆ. ಅನುಮಾನವಿದ್ದ ದಿಮ್ಮಿಯ ಕೆಳಗೆ ರಾತ್ರಿ ವೃತ್ತಪತ್ರಿಕೆ ಹಾಸಿಡಿ. ಬೆಳಿಗ್ಗೆ ಮೈದಾ ಹಿಟ್ಟಿನಂಥ ನುಣ್ಣನೆ ಪುಡಿ ಬಿದ್ದಿದ್ದರೆ ಹುಳ ಕೆಲಸದಲ್ಲಿದೆ. ಹಳೇ ತೂತುಗಳಿದ್ದು ಹೊಸ ಪುಡಿ ಇಲ್ಲದಿದ್ದರೆ ಅದು ಹೆಚ್ಚಾಗಿ ಹಳೇ ಕಥೆ. ಬೆರಳು ತೂರುವಷ್ಟು ದುಂಡನೆ ತೂತು ಕೊರೆಯುವ ಕಪ್ಪು ದುಂಬಿಯೂ ನಮ್ಮ ಕಡೆ ಬೇಕಾದಷ್ಟಿದೆ, ಬಣ್ಣ ಹಚ್ಚದ ಪಕಾಸಿ ಅದಕ್ಕೆ ಇಷ್ಟ.

ಒಲೆ, ಬಚ್ಚಲು, ಬೆಂಕಿ

ಮರವೆಂದರೆ ಬೆಂಕಿಯ ಭಯ ಇದ್ದದ್ದೇ. ಮೈಸೂರಿನ ಹಳೆಯ ಅರಮನೆ ಬಹುಪಾಲು ಮರದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಈಗ ನಾವು ನೋಡುವುದು 1912ರಲ್ಲಿ ಮುಗಿದ ಹೊಸ ಅರಮನೆ. ಹಾಗಂತ ದಪ್ಪ ದಿಮ್ಮಿ ಬೆಂಕಿಪೆಟ್ಟಿಗೆಯ ಕಡ್ಡಿಯಂತೆ ಭಗ್ಗನೆ ಉರಿಯುವುದೂ ಇಲ್ಲ. ಮೇಲ್ಭಾಗ ಕರಕಲಾಗಿ, ಆ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಗಂಟೆಗೆ ಸುಮಾರು 4 ಸೆಂಟಿಮೀಟರಿನಂತೆ ಸುಡುತ್ತಾ ಹೋಗುತ್ತದೆ. ಮನೆಮಂದಿ ಹೊರಗೆ ಓಡಲು ಅವಕಾಶ ಸಿಗುತ್ತದೆ. ಬೇಗ ಹತ್ತಿಕೊಳ್ಳುವುದು ತೆಳು ಹಲಗೆ, ಪರದೆ, ಹಾಸಿಗೆ.

ನನ್ನ ಸಲಹೆ ಇಷ್ಟು. ಮಲಗುವ ಕೋಣೆ, ಹಜಾರ ಬೇಕಾದರೆ ದಿಮ್ಮಿಯದಿರಲಿ. ಅಡುಗೆಮನೆ, ಬಚ್ಚಲು, ಪಾಯಖಾನೆಗಳನ್ನು ಇಟ್ಟಿಗೆಯಲ್ಲೋ ಜಂಬಿಟ್ಟಿಗೆ ಕಲ್ಲಿನಲ್ಲೋ ಕಟ್ಟಿಸಿ. ಬಚ್ಚಲನ್ನು ಮನೆಯಿಂದ ಬಿಡಿಸಿ ಹಿತ್ತಲಲ್ಲಿ ಕಟ್ಟುತ್ತಿದ್ದ ಹಿರಿಯರು ದಡ್ಡರಲ್ಲ. ಬೆಂಕಿ, ನೀರು ಎರಡೂ ಅಲ್ಲೇ. ಒಗ್ಗರಣೆಯ ಎಣ್ಣೆಜಿಡ್ಡು ಮರದ ಗೋಡೆಗೆ ಹತ್ತಿದರೆ ತೆಗೆಯುವುದೂ ಕಷ್ಟ. ಗ್ಯಾಸ್ ಸಿಲಿಂಡರು ಹೊರಗಿನ ಗೂಡಿನಲ್ಲಿರಲಿ. ವಯರಿಂಗ್ ಎಲ್ಲ ಕೊಳವೆಯೊಳಗೆ ಹೋಗಲಿ, ಇಲಿ ಕಡಿದ ತಂತಿ ಮರಕ್ಕೆ ತಾಗುವಂತಿರಬಾರದು. ಸೋರಿಕೆಯಾದರೆ ಕರೆಂಟು ತಾನೇ ಕಡಿಯುವ ಸ್ವಿಚ್ಚು ಹಾಕಿಸಿ.

ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲದ ಅಪಾಯ. ಮರಕ್ಕೆ ಅಗಸೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಅಂಥ ಬಟ್ಟೆಯನ್ನು ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಕರಾವಳಿಯಲ್ಲಿ ಮರಕ್ಕೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಹುಳಕ್ಕೆ ಒಳ್ಳೇ ಮದ್ದು, ಆದರೆ ಚರ್ಮ ಸುಡುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ.

ಲೆಕ್ಕ ನೀವೇ ಹಾಕಿ

ಟಿಂಬರ್ ಲೆಕ್ಕ ಗಂಡಸರಿಗೇ ಬಿಡುವಂಥ ಬ್ರಹ್ಮವಿದ್ಯೆಯೇನಲ್ಲ. 20 ಅಡಿ, 30 ಅಡಿಯ ಮನೆಯ ಸುತ್ತಳತೆ 100 ಅಡಿ. ಗೋಡೆ 9 ಅಡಿ ಎತ್ತರ ಎಂದರೆ 900 ಚದರಡಿ. 8 ಅಂಗುಲ ದಪ್ಪದ ಚೌಕ ತೊಲೆಯಾದರೆ ಹೊರಗೋಡೆಗೇ 600 ಘನ ಅಡಿ ಮರ. ಬಾಗಿಲು ಕಿಟಕಿ ಕಳೆದರೂ 500ಕ್ಕೆ ಇಳಿಯುವುದು ಕಷ್ಟ. ಒಳಗೋಡೆ, ಮಾಡು, ನೆಲ ಇದರಲ್ಲಿ ಸೇರಿಲ್ಲ. ನಿಮ್ಮೂರಿನ ಡಿಪೋದಲ್ಲಿ ಘನ ಅಡಿಗೆ ಎಷ್ಟು ಅಂತ ಕೇಳಿ ಗುಣಿಸಿ ನೋಡಿ, ಆಮೇಲೆ ಮಾತು. ದುಂಡು ದಿಮ್ಮಿ ಕೊಳ್ಳುವುದಾದರೆ ಸುತ್ತಳತೆಯನ್ನು 4ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುತ್ತಾರೆ. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ 10 ಘನ ಅಡಿ. ಒಂದು ದುಂಡು ದಿಮ್ಮಿಯಿಂದ ಒಂದೇ ಚೌಕ ತೊಲೆ ತೆಗೆದರೆ ಮೂರರಲ್ಲೊಂದು ಪಾಲು ಬದಿ ಹಲಗೆಯಾಗಿ, ಹೊಟ್ಟಾಗಿ ಹೋಗುತ್ತದೆ ಎಂಬುದೂ ನೆನಪಿರಲಿ.

ಕಾಗದ ಪತ್ರದ ಮಾತು. ತೋಟ ನಮ್ಮದೇ, ಮರ ನಮ್ಮದೇ ಅಂತ ಕೊಡಲಿ ಹಾಕುವಂತಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಸಿಲ್ವರ್ ಓಕ್‌ನಂಥ ಕೆಲವಕ್ಕೆ ಕಡಿಯಲು ವಿನಾಯಿತಿ ಇದೆ, ಎಲ್ಲಕ್ಕೂ ಇಲ್ಲ. ಕಡಿಯುವ ಮುಂಚೆ, ಲಾರಿಗೆ ಹೇರುವ ಮುಂಚೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಕೊಂಡ ಮರವಾದರೆ ಬಿಲ್ಲು, ರಹದಾರಿ ಪರವಾನಗಿ ಎರಡನ್ನೂ ಜೋಪಾನವಾಗಿಡಿ. ಕೃಷಿ ಜಮೀನಿನಲ್ಲಿ ಬಾಡಿಗೆ ಕೋಣೆ ಕಟ್ಟುವುದಾದರೆ ಭೂಪರಿವರ್ತನೆ, ಪಂಚಾಯತಿ ಪರವಾನಗಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇವನ್ನೂ ಕೇಳಿಕೊಳ್ಳಿ. ಸಾಲ ಬೇಕಿದ್ದರೆ ಮೊದಲು ಬ್ಯಾಂಕಿಗೆ ಹೋಗಿ, ಆಮೇಲೆ ಮುಂಗಡ ಕೊಡಿ. ವಿಮೆಯವರು ಮರದ ಹಲಗೆ ಗೋಡೆಯ ಮನೆಯನ್ನು ‘ಕಚ್ಚಾ’ ಕಟ್ಟಡದ ಲೆಕ್ಕಕ್ಕೆ ಸೇರಿಸುವುದುಂಟು. ನಿಮ್ಮದು ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಒಬ್ಬ ಸೋದರಿ ಬರೆದಿದ್ದಾರೆ: ‘ಇವರು ನನ್ನ ಬಳೆ, ಸರ ಅಡವಿಡೋಣ ಅಂತಾರೆ. ಇಲ್ಲ ಅಂದರೆ ಮನೆಯಲ್ಲಿ ಮುಖ ಮುರಿಯುತ್ತದೆ.’ ತಾಯೀ, ತವರಿನವರು ಕೊಟ್ಟ ಒಡವೆ ನಿಮ್ಮ ಸ್ತ್ರೀಧನ. ಕಾನೂನಿನ ಪ್ರಕಾರ ಅದು ನಿಮ್ಮದೇ. ಕೊಡುವುದೂ ನಿಮ್ಮ ಇಷ್ಟ, ಕೊಡದಿರುವುದೂ ನಿಮ್ಮ ಇಷ್ಟ. ಜಗಳ ಆಡಬೇಡಿ, ಒಂದು ಹಾಳೆಯಲ್ಲಿ ಲೆಕ್ಕ ಬರೆದು ಊಟವಾದ ಮೇಲೆ ಮುಂದಿಡಿ. ಅಡವಿನ ಬಡ್ಡಿ ಮುಂದಿನ ತಿಂಗಳಿನಿಂದಲೇ ಓಡುತ್ತದೆ. ಕೋಣೆ ಮುಗಿಯುವುದು ಯಾವಾಗ? ಮಳೆಗಾಲದ ನಾಲ್ಕು ತಿಂಗಳು ಬಾಡಿಗೆ ಬರುತ್ತದೆಯೇ? ಬಣ್ಣ, ಎಣ್ಣೆ, ಔಷಧಿಗೆ ವರ್ಷಕ್ಕೆ ಎಷ್ಟು ಎತ್ತಿಡುತ್ತೀರಿ? ಈ ಮೂರಕ್ಕೂ ಅಂಕಿ ಬಂದರೆ ಯೋಚಿಸಿ. ‘ಎಲ್ಲ ಆಗ್ತದೆ ಬಿಡು’ ಎಂಬ ಉತ್ತರ ಬಂದರೆ ಬಳೆ ಕೈಯಲ್ಲೇ ಇರಲಿ. ಎರಡು ಕೋಣೆಯ ಬದಲು ಒಂದನ್ನೇ ಕಟ್ಟಿ, ಎರಡು ಮಳೆಗಾಲ ನೋಡಿ, ಆಮೇಲೆ ಎರಡನೆಯದಕ್ಕೆ ಕೈ ಹಾಕೋಣ ಅನ್ನುವುದೂ ಒಂದು ದಾರಿ.

ವರ್ಷದ ಆರೈಕೆ

ಯುಗಾದಿ ಕಳೆದ ಮೇಲೆ ಹಂಚು ಕೈಯಾಡಿಸಿ, ದೋಣಿಯಲ್ಲಿ ತುಂಬಿದ ತರಗೆಲೆ ತೆಗೆಸಬೇಕು. ಬಿರುಕು ಮುಚ್ಚಿಸಬೇಕು. ಬಿಸಿಲು ಮಳೆ ಎರಡೂ ಹೊಡೆಯುವ ಪಡುವಣ, ತೆಂಕಣ ಗೋಡೆಗೆ ಎಣ್ಣೆಯೋ ಬಣ್ಣವೋ ಬೀಳಬೇಕು. ಚಳಿ ದೇಶದಲ್ಲಿ 3ರಿಂದ 5 ವರ್ಷಕ್ಕೊಮ್ಮೆ ಹೊರಗೋಡೆಗೆ ಮತ್ತೆ ಬಳಿಯುತ್ತಾರೆ, ನಮ್ಮ ಮಳೆಗೆ ಅದಕ್ಕಿಂತ ಬೇಗ ಬೇಕಾಗ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೊಡೆ ಹಿಡಿದು ಮನೆ ಸುತ್ತಿ ಬನ್ನಿ, ಎಲ್ಲಿ ತೊಟ್ಟಿಕ್ಕುತ್ತದೆ ಎಂದು ಆಗಲೇ ಕಾಣುವುದು. ಒಳಗೋಡೆಯ ಬೂಸ್ಟನ್ನು ಒಣಬಟ್ಟೆಯಲ್ಲಿ ಒರೆಸಬೇಕು. ಶುಕ್ರವಾರ ಬಕೆಟ್ಟುಗಟ್ಟಲೆ ನೀರು ಸುರಿದು ನೆಲ ತೊಳೆಯುವ ನಮ್ಮ ಅಭ್ಯಾಸ ಮರದ ಮನೆಗೆ ಸಲ್ಲದು, ಹಿಂಡಿದ ಬಟ್ಟೆಯಲ್ಲಿ ಒರೆಸಿ. ದಸರಾ ದೀಪಾವಳಿಯ ಹೊತ್ತಿಗೆ ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಿ, ಪಾಯದ ಸುತ್ತ ಗೆದ್ದಲಿನ ಗೆರೆ ಹುಡುಕಬೇಕು. ಮನೆ ಕಟ್ಟಿ ನೋಡು ಅಂದರು ಹಿರಿಯರು, ಕಟ್ಟಿದ ಮೇಲೆ ಒರೆಸಿ ನೋಡು ಅಂತ ಹೇಳಲು ಮರೆತರೋ ಏನೋ!

ಈ ಕೆಲಸಗಳನ್ನು ಪಟ್ಟಿ ಮಾಡಿ, ಯಾವುದು ಯಾರದು ಅಂತ ಮನೆಯಲ್ಲಿ ಮೊದಲೇ ತೀರ್ಮಾನವಾಗಲಿ. ಏಣಿ ಹತ್ತುವವರು ಯಾರು, ಆಳಿಗೆ ಕೂಲಿ ಕೊಡುವವರು ಯಾರು ಎಂದು ಗೊತ್ತಿಲ್ಲದ ಮನೆಯಲ್ಲಿ ಮೂರನೇ ವರ್ಷಕ್ಕೆ ಗೋಡೆ ಕಪ್ಪಾಗುತ್ತದೆ.

ಕಟ್ಟಿದ್ದನ್ನು ಕೊಳ್ಳುವವರಿಗೆ

ಕೊಳ್ಳುವ ಮನೆಯನ್ನು ಜನವರಿಯ ಬಿಸಿಲಲ್ಲಿ ನೋಡಿ ಮೆಚ್ಚಬೇಡಿ, ಆಷಾಢದಲ್ಲಿ ಹೋಗಿ. ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತೇ ನೋಡಿ. ಒಂದು ಸ್ಕ್ರೂಡ್ರೈವರ್ ಚೀಲದಲ್ಲಿರಲಿ. ಕೆಳಗಿನ ದಿಮ್ಮಿ, ಕಿಟಕಿಯ ಕೆಳ ಮೂಲೆ, ಬಚ್ಚಲ ಗೋಡೆ, ದಿಮ್ಮಿಯ ತುದಿಗಳನ್ನು ಕೇಳಿಕೊಂಡು ಮೆಲ್ಲಗೆ ಚುಚ್ಚಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಹಳೇ ರೊಟ್ಟಿಯಂತೆ ಒಳಗೆ ಬಿಡುತ್ತದೆ. ಬಡಿದು ನೋಡಿದರೆ ಟೊಳ್ಳು ಸದ್ದೂ ತಿಳಿಯುತ್ತದೆ. ಹೊಸದಾಗಿ ಬಣ್ಣ ಬಳಿದಿದ್ದರೆ ಇನ್ನೂ ಜಾಗ್ರತೆ. ಎಲ್ಲ ಬಾಗಿಲು ಕಿಟಕಿಗಳನ್ನೂ ಒಮ್ಮೆ ತೆಗೆದು ಹಾಕಿ.

ಕಟ್ಟಿಸುವವರು ಆ ಗುತ್ತಿಗೆದಾರ ಮೂರು ನಾಲ್ಕು ವರ್ಷದ ಹಿಂದೆ ಕಟ್ಟಿದ ಮನೆಯೊಂದರ ವಿಳಾಸ ಕೇಳಿ. ಹೊಸ ಮನೆಯನ್ನು ಎಲ್ಲರೂ ತೋರಿಸುತ್ತಾರೆ. ಹಳೆಯದಕ್ಕೆ ಹೋದಾಗ ಯಜಮಾನರ ಜೊತೆ ಜಗುಲಿಯಲ್ಲಿ ಕೂತು ಕಾಫಿ ಕುಡಿದು ಬಂದರೆ ಸಾಲದು. ಒಳಗೆ ಹೋಗಿ, ಆ ಮನೆಯ ಹೆಂಗಸನ್ನು ‘ಮಳೆಗಾಲದಲ್ಲಿ ಹೇಗಿರ್ತದಮ್ಮಾ?’ ಎಂದು ಕೇಳಿ. ಆಕೆ ಏನು ಹೇಳುತ್ತಾಳೋ ಕೇಳಿಸಿಕೊಂಡು, ಮನೆಗೆ ಬಂದು, ಆಮೇಲೆ ಮುಂಗಡದ ಮಾತು ತೆಗೆಯಿರಿ.